ಮೋಟರಿನ ಷಡ್ಜ

ನನ್ನ ಹೆಂಡತಿ ಹೇಮಾವತಿ ಎಂ.ಎ. ಓದುತ್ತೇನೆ ಎಂದಾಗ ನಾನು ಹುಲಿಗೆಮ್ಮನ ರೊಟ್ಟಿ ಅಕ್ಕಿ ಬೀಸುತ್ತಿದ್ದೆ. ಮೊದಲನೇ ಸಲ ಗಿರಣಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಎರಡನೇ ಸಲ ಕೇಳಿಸಿತು, ಕೇಳಿಸದವನಂತೆ ಇದ್ದೆ. ಮೂರನೇ ಸಲ ಅವಳು ಬಾಯಿ ತೆರೆಯಲಿಲ್ಲ. ಮೊಬೈಲನ್ನು ತಂದು ನನ್ನ ಮೂಗಿಗೆ ತಾಗುವ ಹಾಗೆ ಹಿಡಿದಳು.

ವಿಶ್ವವಿದ್ಯಾಲಯದವರು ತೀರ್ಥಹಳ್ಳಿಯ ತಮ್ಮ ಕೇಂದ್ರದಲ್ಲಿ ಈ ವರ್ಷದಿಂದ ಸಂಗೀತದ ಎಂ.ಎ. ಶುರು ಮಾಡುತ್ತಾರಂತೆ. ಹನ್ನೆರಡೇ ಸೀಟು. ವಾರಕ್ಕೆ ಮೂರು ದಿನ ಪಾಠ. ಯಾವುದಾದರೂ ಪದವಿ ಇರಬೇಕು, ಸಂಗೀತದ ಸೀನಿಯರ್ ಪರೀಕ್ಷೆ ಪಾಸಾಗಿರಬೇಕು, ಪರೀಕ್ಷಕರ ಎದುರು ಕೂತು ಹಾಡಿ ತೋರಿಸಬೇಕು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ: ವಯಸ್ಸಿನ ಮಿತಿ ಇಲ್ಲ.

“ಇದನ್ನೇ ಯಾಕೆ ಇಷ್ಟು ದಪ್ಪಗೆ ಬರ್ದಿದಾರೆ? ಹುಡುಗ್ರು ಯಾರೂ ಸಿಕ್ಕಿಲ್ಲ ಅಂತ ಕಾಣ್ತದೆ,” ಎಂದೆ.

“ನಂಗೆ ನಲವತ್ತಾರು. ದೂರದ ಊರಿಗೆ ಹೋಗಿ ಓದೋಕಾಗಲ್ಲ. ತೀರ್ಥಹಳ್ಳಿಯಾದ್ರೆ ಅಕ್ಕನ ಮನೇಲಿ ಉಳ್ಕೊಳ್ಬೋದು. ಈ ಸಲ ಬಿಟ್ರೆ ಇನ್ನಿಲ್ಲ.”

“ಎಂ.ಎ. ಮಾಡಿ ಎಂತ ಮಾಡ್ತಿ?”

“ಹಾಡ್ತೀನಿ.”

“ಈಗ ಮಾಡ್ತಿರೋದೂ ಅದೇ ಅಲ್ವಾ ಮಾರಾಯ್ತಿ? ಅದಕ್ಕೆ ನೂರು ಕಿಲೋಮೀಟರ್ ಯಾಕೆ ಹೋಗ್ಬೇಕು?”

ಹುಲಿಗೆಮ್ಮ ಚೀಲದ ಬಾಯಿ ಹಿಡಿದು ನಿಂತಿದ್ದಳು. ಅರವತ್ತು ದಾಟಿದ ಹೆಂಗಸು. ಕಾರ್ಗಲ್ಲಿನಲ್ಲಿ ಕರೆಂಟು ಕಂಪನಿ ಕೆಪಿಸಿಯ ಕಾಲೊನಿಯ ಮನೆಗಳಿಗೆ ಅಕ್ಕಿರೊಟ್ಟಿ ಮಾಡಿ ಕೊಡುತ್ತಾಳೆ, ಜೊತೆಗೆ ಯಾರೂ ಕೇಳದ ಬುದ್ಧಿಮಾತನ್ನೂ ಕೊಡುತ್ತಾಳೆ. “ಹೋಗ್ಲಿ ಬಿಡೋ ಶೇಷಪ್ಪ. ನೀನು ಇಷ್ಟು ವರ್ಷ ಬೀಸಿದ್ದಕ್ಕೆ ನಿಂಗೆ ಯಾರಾದ್ರೂ ಎಂ.ಎ. ಕೊಟ್ರಾ? ಅವ್ಳಿಗಾದ್ರೂ ಸಿಗ್ಲಿ,” ಎಂದಳು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದು ನಮ್ಮೂರಲ್ಲಿ ಸುದ್ದಿಯಲ್ಲ. ಆದರೆ ಈ ಸಲದ ಸಿಟ್ಟಿಗೆ ಕಾರಣ ಬೇರೆ ಇತ್ತು, ಅದನ್ನು ಹೇಳಿಬಿಡುತ್ತೇನೆ. ಹೆಣ್ಣು ನೋಡಲು ಹೋದಾಗ ಅವಳ ಅಪ್ಪ ಒಂದೇ ಒಂದು ಮಾತು ಕೇಳಿದ್ದರು. “ಹುಡುಗಿಗೆ ಸಂಗೀತದಲ್ಲಿ ಎಂ.ಎ. ಮಾಡ್ಬೇಕು ಅಂತ ಆಸೆ. ಮುಂದೆ ಓದಿಸ್ತೀರಾ?” ನಾನು ಆಗ ತಾನೇ ಎರಡನೇ ಕೇಸರಿಬಾತಿಗೆ ಕೈ ಹಾಕಿದ್ದೆ. “ಓದ್ಲಿ ಬಿಡಿ, ನಮ್ದೇನ್ ಅಡ್ಡಿ ಇಲ್ಲ,” ಎಂದೆ. ಕೇಸರಿಬಾತು ಚೆನ್ನಾಗಿತ್ತು, ಅದರ ಎದುರು ಯಾವ ಮಾತನ್ನಾದರೂ ಕೊಡುತ್ತಿದ್ದೆ.

ಅದಾಗಿ ಇಪ್ಪತ್ತೆರಡು ವರ್ಷ. ಮೊದಲ ವರ್ಷ ಅಮ್ಮನಿಗೆ ಹುಷಾರಿರಲಿಲ್ಲ. ಆಮೇಲೆ ಮಗ ಕುಮಾರ ಹುಟ್ಟಿದ. ಆಮೇಲೆ ಗಿರಣಿಗೆ ಎರಡನೇ ಕಲ್ಲು ಹಾಕಿಸಿದೆ. ಅಡ್ಡಿ ಎನ್ನುವುದು ಹೇಗೂ ಇರಲಿಲ್ಲ; ಪುರಸೊತ್ತು ಮಾತ್ರ ಇರಲಿಲ್ಲ. ಅವಳು ಮೂರು ಸಲ ಅರ್ಜಿ ತರಿಸಿದ್ದಳು. ಆಗೆಲ್ಲ ಅರ್ಜಿ ಕಾಗದದಲ್ಲೇ ಬರುತ್ತಿತ್ತು, ಒಳ್ಳೆಯ ದಪ್ಪ ಕಾಗದ. ಒಮ್ಮೆ ಹಿಟ್ಟು ಇಳಿಯುವ ತಗಡಿನಲ್ಲಿ ತೂತು ಬಿದ್ದು ಸೋರುತ್ತಿತ್ತು. ಕೈಗೆ ಸಿಕ್ಕಿದ ಕಾಗದಕ್ಕೆ ಮೈದಾ ಅಂಟು ಹಚ್ಚಿ ಅಂಟಿಸಿದೆ. ಅದು ಏನೆಂದು ಗೊತ್ತಾದದ್ದು ಅಂಟು ಒಣಗಿದ ಮೇಲೆ. ಇವತ್ತಿಗೂ ಅಲ್ಲೇ ಇದೆ. ‘ಅಭ್ಯರ್ಥಿಯ ಹೆಸರು’ ಎಂಬಲ್ಲಿಯವರೆಗೆ ಓದಲು ಬರುತ್ತದೆ, ಮುಂದೆಲ್ಲ ಹಿಟ್ಟು.

ಅವಳು ಆ ದಿನ “ಸರಿ ರೀ” ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈದು ಮುಗಿಸಬಹುದಿತ್ತು.

ಅವಳ ಸಂಗೀತದ ವಿಷಯ ಹೇಳಬೇಕು. ಮದುವೆಯಾಗಿ ಬರುವಾಗ ಅವಳ ಗುರುಗಳು ನಾಗರತ್ನಮ್ಮನವರು ಒಂದು ಶ್ರುತಿಪೆಟ್ಟಿಗೆ ಕೊಟ್ಟು ಕಳಿಸಿದ್ದರು. ಎರಡನೇ ಮಳೆಗಾಲಕ್ಕೆ ಅದರ ತಿದಿಯನ್ನು ಇಲಿ ತಿಂದಿತು. ಹೊಸದು ತರೋಣ ಎಂದೆ. ನಾನು ಕೊಟ್ಟ ಮಾತುಗಳ ಸಾಲಿನಲ್ಲಿ ಅದೂ ಹೋಗಿ ನಿಂತಿತು. ಒಂದು ದಿನ ಅವಳು ಗಿರಣಿಗೆ ಕಾಫಿ ತಂದವಳು ಲೋಟ ಕೈಯಲ್ಲೇ ಹಿಡಿದು ನಿಂತಳು.

“ರೀ, ನಿಮ್ಮ ಮೋಟರು ಐದೂವರೆ ಮನೆ.”

“ಇರೋದೊಂದು ಮನೆ, ಅದೂ ಸೋರ್ತದೆ,” ಎಂದೆ.

ಹಾರ್ಮೋನಿಯಂನಲ್ಲಿ ಬೆರಳಿಟ್ಟು ಒತ್ತುವ ಮೆಟ್ಟಿಲಿಗೆ ಸಂಗೀತದವರು ಮನೆ ಎನ್ನುತ್ತಾರಂತೆ. ನಮ್ಮ ಮೋಟರು ಗುಂಯ್ ಎನ್ನುವ ಜಾಗವೂ ಅವಳು ಹಾಡುವ ಷಡ್ಜವೂ ಒಂದೇ ಅಂತೆ. ಅವತ್ತಿನಿಂದ ಅವಳ ಅಭ್ಯಾಸ ಗಿರಣಿಯಲ್ಲಿ, ಬೆಲ್ಟಿನ ಆಚೆ ಚೀಲಗಳ ಮೇಲೆ. ಹುಲಿಗೆಮ್ಮ ಊರಿಡೀ ಹೇಳಿಕೊಂಡು ಬಂದಳು: ಶೇಷಪ್ಪನ ಮಿಲ್ಲಲ್ಲಿ ಹಿಟ್ಟಿನ ಜೊತೆ ಸಂಗೀತ ಪುಕ್ಕಟೆ.

ಈಗ ಕಾರ್ಗಲ್ಲಿನ ಕರೆಂಟಿನ ವಿಷಯ. ರಾಜ್ಯಕ್ಕೆಲ್ಲ ದೀಪ ಹಚ್ಚುವ ಊರು ನಮ್ಮದು ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಏಳನೇ ಕ್ಲಾಸಿಗೇ ನಾನು ಶಾಲೆ ಬಿಟ್ಟದ್ದರಿಂದ ಆ ದೀಪ ನಮ್ಮ ಮನೆಯಲ್ಲಿ ಯಾಕೆ ಮಿಣುಕುತ್ತದೆ ಎನ್ನುವ ಪಾಠ ತಪ್ಪಿಹೋಯಿತು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಕರೆಂಟಾಗಿ ನಮ್ಮ ತಲೆಯ ಮೇಲಿನ ತಂತಿಯಲ್ಲೇ ಹಾದುಹೋಗುತ್ತದೆ, ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ನಮಗೆ ಬರುವುದು ಅದು ಎಲ್ಲೋ ಹೋಗಿ, ದಣಿದು, ವಾಪಸು ಬಂದದ್ದು. ಹೀಗಾಗಿ ವೋಲ್ಟೇಜು ಇಳಿದರೆ ಮೋಟರಿನ ದನಿ ಕುಗ್ಗುತ್ತದೆ. ಕಲ್ಲಿಗೆ ಅಕ್ಕಿ ಬಿದ್ದರೆ ಇನ್ನಷ್ಟು ಕುಗ್ಗುತ್ತದೆ. ಅಕ್ಕಿ ಮುಗಿದರೆ ಏರುತ್ತದೆ.

ಅವಳೂ ಅದರ ಜೊತೆ ಇಳಿಯುತ್ತಿದ್ದಳು, ಏರುತ್ತಿದ್ದಳು. ನನಗೆ ರಾಗ ತಾಳ ತಿಳಿಯದು, ಮೋಟರು ತಿಳಿಯುತ್ತದೆ. ಬೆಲ್ಟು ಸಡಿಲವಾದರೆ, ಬೇರಿಂಗು ಒಣಗಿದರೆ, ಮನೆಯಲ್ಲಿ ಮಲಗಿದ್ದಲ್ಲೇ ಹೇಳುತ್ತೇನೆ. ಅವಳ ದನಿ ಮೋಟರಿನಿಂದ ಕೂದಲೆಳೆಯಷ್ಟು ಬೇರೆಯಾದದ್ದನ್ನು ನಾನು ಕೇಳಿಲ್ಲ. ಎಷ್ಟೋ ಸಲ ಅವಳು ಹಾಡುತ್ತಿದ್ದಾಳೆ ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ಅವಳು ನಿಲ್ಲಿಸಿದಾಗ ಮೋಟರಿಗೆ ಏನೋ ಆಯಿತು ಎಂದು ಎದ್ದುಹೋಗಿ ನೋಡುತ್ತಿದ್ದೆ.

ಈ ಸಲ ಇಲ್ಲ ಎನ್ನಲು ನನಗೆ ನೆಪ ಯಾವುದೂ ಸಿಗಲಿಲ್ಲ, ಅರ್ಜಿ ತುಂಬಲು ಸಾಗರಕ್ಕೆ ಹೋದೆವು. ಕಂಪ್ಯೂಟರ್ ಅಂಗಡಿಯ ಹುಡುಗಿ ಆಶಾ ಸರಸರ ಬೆರಳಾಡಿಸಿ ಒಂದು ಕಡೆ ನಿಂತಳು.

“ಆಂಟಿ, ಅಭ್ಯಾಸ ಮಾಡ್ತಿರೋ ಸಂಸ್ಥೆ ಯಾವ್ದು?”

“ಸಂಸ್ಥೆ ಅಂತ ಇಲ್ಲಮ್ಮ. ಗುರುಗಳ ಹತ್ರ ಕಲ್ತಿದ್ದು. ಅವರು ತೀರ್ಕೊಂಡು ಹತ್ತು ವರ್ಷ ಆಯ್ತು.”

“ತೀರ್ಕೊಂಡವ್ರನ್ನ ತಗೊಳಲ್ಲ ಆಂಟಿ. ಇಲ್ಲಿ ಕೆಂಪು ಚುಕ್ಕಿ ಇದೆ, ಏನಾದ್ರೂ ಹಾಕ್ಲೇಬೇಕು. ಇಲ್ಲಾಂದ್ರೆ ಮುಂದಕ್ಕೆ ಹೋಗಲ್ಲ.”

ಹಿಂದೆ ಐದು ಜನ ಕಾಯುತ್ತಿದ್ದರು. ನನಗೆ ತಲೆ ಕೆಟ್ಟಿತು. “ಶೇಷಪ್ಪ ಹಿಟ್ಟಿನ ಗಿರಣಿ, ಕಾರ್ಗಲ್ ಅಂತ ಹಾಕಮ್ಮ!” ಎಂದೆ.

ಹಾಕಿದಳು. ಹಾಕಿ, ನಾವು ಅಯ್ಯೋ ಎನ್ನುವುದರೊಳಗೆ ಕಳಿಸಿಯೂಬಿಟ್ಟಳು. ಕಂಪ್ಯೂಟರು ಒಂದು ಚೂರೂ ಅನುಮಾನಪಡದೆ ಅದನ್ನು ಒಪ್ಪಿಕೊಂಡಿತು. ನಾಗರತ್ನಮ್ಮನವರ ಹೆಸರಿಗೆ ಸಿಗದ ಮರ್ಯಾದೆ ನನ್ನ ಗಿರಣಿಗೆ ಸಿಕ್ಕಿತು.

ಪರೀಕ್ಷೆಯ ದಿನ ಮೊದಲನೇ ಬಸ್ಸಿಗೆ ಹೊರಟು ಸಾಗರದಲ್ಲಿ ಇಳಿದು, ಹೊಸನಗರದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಹಿಡಿದು ತೀರ್ಥಹಳ್ಳಿ ಮುಟ್ಟುವಾಗ ಹತ್ತೂವರೆ. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ, ಗಂಟಲು ಉಳಿಸಿಕೊಳ್ಳುತ್ತಿದ್ದಳು. ಅವಳ ಪಾಲಿನದನ್ನೂ ನಾನೇ ಮಾತಾಡಿದೆ. ಕಂಡಕ್ಟರ್ ಹತ್ತಿರ ಒಂದು ಜಗಳ, ಕಿಟಕಿ ಮುಚ್ಚದ ಒಬ್ಬ ಮೇಷ್ಟ್ರ ಹತ್ತಿರ ಒಂದು ಜಗಳ.

ಕೇಂದ್ರದ ವರಾಂಡದಲ್ಲಿ ಹತ್ತಿಪ್ಪತ್ತು ಹುಡುಗ ಹುಡುಗಿಯರು ಕಣ್ಣು ಮುಚ್ಚಿ ತೊಡೆ ತಟ್ಟಿಕೊಳ್ಳುತ್ತಿದ್ದರು. ಸೊಳ್ಳೆಯೋ ತಾಳವೋ ಹೇಳುವುದು ಕಷ್ಟ. ಬೆಳಿಗ್ಗೆಯಿಂದ ಊರಲ್ಲಿ ಕರೆಂಟಿರಲಿಲ್ಲ. ಮೇಧಾ ಎಂಬ ಹುಡುಗಿ ಹೇಮಾವತಿಯ ಪಕ್ಕ ಬಂದು ಕೂತು ನಕ್ಕಳು.

“ಆಂಟಿ, ನಿಮ್ಮ ಮಗಳು ಎಷ್ಟನೇ ನಂಬರು?”

“ಮಗಳಲ್ಲ, ನಾನೇ. ಒಂಬತ್ತು.”

ಹುಡುಗಿಯ ನಗು ಅಲ್ಲೇ ನಿಂತಿತು. ಅವಳದು ಎಂಟು. ತೊಡೆಯ ಮೇಲೆ ಮಿರಮಿರ ಮಿಂಚುವ ಎಲೆಕ್ಟ್ರಾನಿಕ್ ತಂಬೂರಿ ಇತ್ತು. ಆದರೆ ಬಾಗಿಲಲ್ಲಿ ನಿಂತಿದ್ದ ರವೀಂದ್ರ ಎಂಬ ಗುಮಾಸ್ತ ಅದನ್ನು ಒಳಗೆ ಬಿಡಲಿಲ್ಲ.

“ಎಲ್ಲರಿಗೂ ಒಂದೇ ಶ್ರುತಿಪೆಟ್ಟಿಗೆ. ಆಫೀಸಿಂದೇ. ಪಾರದರ್ಶಕತೆ ಬೇಕಲ್ಲ?” ಎಂದ.

ಪಾರದರ್ಶಕತೆಯ ಪೆಟ್ಟಿಗೆಯನ್ನು ನಾನು ಕಿಟಕಿಯಿಂದ ನೋಡಿದೆ. ಹಳೇ ರೇಡಿಯೋ ಥರದ್ದು, ತಿರುಗಿಸುವ ಗುಬುಟು ಒಂದಕ್ಕೆ ಬಟ್ಟೆ ಸುತ್ತಿತ್ತು. ಕರೆಂಟಿಲ್ಲದ್ದರಿಂದ ಶೆಲ್ಲಿನ ಮೇಲೆ ಓಡುತ್ತಿತ್ತು.

ಮೇಧಾ ಹಾಡಿ ಹೊರಗೆ ಬಂದಳು, ಹೇಮಾವತಿ ಒಳಗೆ ಹೋದಳು. “ಪೆಟ್ಟಿಗೆ ಯಾಕೋ ಸರಿಯಿಲ್ಲ ಅಂಕಲ್. ನಾನು ಎರಡು ಸಲ ನಿಲ್ಸಿ, ಗುಬುಟು ತಿರುಗ್ಸಿ ಸರಿ ಮಾಡ್ಕೊಂಡೆ,” ಎಂದಳು ಹುಡುಗಿ. ಕುಣಿಯಲಾರದವಳಿಗೆ ನೆಲ ಡೊಂಕು ಎಂದುಕೊಂಡೆ. ಗಾದೆಗಳಿಂದ ಇದೇ ತೊಂದರೆ, ಸಮಯಕ್ಕೆ ಸರಿಯಾಗಿ ನೆನಪಾಗಿ ತಪ್ಪು ದಾರಿ ತೋರಿಸುತ್ತವೆ.

ಕಿಟಕಿಯ ಹೊರಗೆ ನಿಂತೆ. ಒಳಗೆ ಇಬ್ಬರು ಪರೀಕ್ಷಕರು. ಒಬ್ಬರು ಆತ್ರೇಯ ಎಂಬ ಪ್ರೊಫೆಸರು, ಅರವತ್ತರ ಹತ್ತಿರ, ಎದುರಿಗೊಂದು ಹಾರ್ಮೋನಿಯಂ. ಇನ್ನೊಬ್ಬರು ಡಾಕ್ಟರ್ ವಂದನಾ, ವಯಸ್ಸಿನಲ್ಲಿ ಚಿಕ್ಕವರು, ಎದುರಿಗೊಂದು ಕಡತ, ಅದರ ಮೇಲೊಂದು ಚಹಾ ಲೋಟ.

“ಸಂಸ್ಥೆ…” ಎಂದು ಪ್ರೊಫೆಸರು ಕನ್ನಡಕ ಸರಿಮಾಡಿಕೊಂಡರು. “ಶೇಷಪ್ಪ ಹಿಟ್ಟಿನ ಗಿರಣಿ? ಗಿರಣೀಲಿ ಸಂಗೀತ ಶಾಲೆ ಇದೆಯಾ ಅಮ್ಮ?”

“ಇಲ್ಲ ಸರ್. ಗಿರಣಿನೇ.”

ಇಬ್ಬರೂ ನಕ್ಕರು. ದೊಡ್ಡವರು ನಗುವಾಗ ಶಬ್ದ ಮಾಡುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. “ಶ್ರುತಿ?” ಎಂದರು. “ಐದೂವರೆ,” ಎಂದಳು. ರವೀಂದ್ರ ಗುಬುಟು ತಿರುಗಿಸಿದ. ಪ್ರೊಫೆಸರು ಒಂದು ಮೆಟ್ಟಿಲು ಒತ್ತಿ ನೋಡಿ, ಸರಿ ಇದೆ ಎಂದು ತಲೆಯಾಡಿಸಿದರು.

ಅವಳು ಕಲ್ಯಾಣಿ ಎತ್ತಿಕೊಂಡಳು. ರಾಗದ ಹೆಸರು ನನಗೆ ಗೊತ್ತಾದದ್ದು ಹದಿನೈದು ದಿನದಿಂದ ಮನೆಯಲ್ಲಿ ಅದೇ ಜಪ ನಡೆದಿದ್ದರಿಂದ. ಪರೀಕ್ಷಕರು ಎರಡು ನಿಮಿಷ ಕೇಳಿದರು. ಆಮೇಲೆ ವಂದನಾ ಮೇಡಂ ಕಡತ ತಿರುವಿದರು, ಪ್ರೊಫೆಸರು ಚಹಾ ತೆಗೆದುಕೊಂಡರು, ಊಟ ಎಲ್ಲಿಂದ ತರಿಸುವುದು ಎಂದು ಇಬ್ಬರೂ ಸಣ್ಣ ದನಿಯಲ್ಲಿ ಚರ್ಚೆ ಮಾಡಿದರು. ನನಗೆ ಕಿಟಕಿಯಲ್ಲಿ ನಿಂತವನಿಗೆ ಯಾಕೋ ಮನೆಯಲ್ಲಿದ್ದ ಹಾಗೇ ಹಾಯೆನಿಸಿತು. ಕಣ್ಣು ಎಳೆಯತೊಡಗಿತು. ಸುಮಾರು ಕಾಲು ಗಂಟೆ ಕಳೆದಿರಬೇಕು, ಆಗ ಥಟ್ಟನೆ ಎಚ್ಚರಾಯಿತು. ಯಾಕೆ ಮನೆಯ ಹಾಗೆ ಅನಿಸುತ್ತಿದೆ? ಪೆಟ್ಟಿಗೆ ಕುಗ್ಗುತ್ತಿತ್ತು. ಸಂಜೆ ಏಳು ಗಂಟೆಯ ಕಾರ್ಗಲ್ಲಿನ ಮೋಟರು ಹೇಗೆ ನಿಧಾನ ಇಳಿಯುತ್ತದೆಯೋ ಹಾಗೇ. ಅವಳೂ ಅದರ ಕೈ ಹಿಡಿದುಕೊಂಡು ಮೆಲ್ಲಗೆ ಇಳಿಯುತ್ತಿದ್ದಳು.

ಹಾಡು ಮುಗಿಯಿತು. ಶೆಲ್ಲು ಉಳಿಸಲು ರವೀಂದ್ರ ಕೂಡಲೇ ಪೆಟ್ಟಿಗೆ ಆರಿಸಿದ. ಪ್ರೊಫೆಸರು ಹಾರ್ಮೋನಿಯಂ ಮೇಲೆ ಬೆರಳಿಟ್ಟು ಹುಬ್ಬು ಗಂಟಿಕ್ಕಿದರು.

“ಅಮ್ಮ, ಶುರು ಮಾಡಿದ್ದು ಐದೂವರೆಗೆ. ಮುಗಿಸಿದ್ದು ಎಲ್ಲಿಗೆ ಗೊತ್ತಾ? ಐದಕ್ಕೆ. ಅರ್ಧ ಮನೆ ಕೆಳಗೆ ಬಂದಿದೀರಿ. ಶ್ರುತಿಯೇ ನಿಲ್ಲದವರನ್ನ ಎಂ.ಎ.ಗೆ ತಗೊಂಡು ನಾವೇನ್ ಮಾಡೋದು?”

“ಸರಿ ಸರ್,” ಎಂದಳು ನನ್ನ ಹೆಂಡತಿ. ಸೆರಗು ಸರಿಮಾಡಿಕೊಂಡು ಎದ್ದಳು. ವಂದನಾ ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಇಪ್ಪತ್ತೆರಡು ವರ್ಷ ಕಾದದ್ದಕ್ಕೆ ಸರಿ ಸರ್! ನನ್ನ ಅಂಟಿಗೆ, ನನ್ನ ಕಲ್ಲಿಗೆ, ನನ್ನ ಕೇಸರಿಬಾತಿಗೆ ಅವಳು ಹೇಳಿದ್ದೂ ಇದೇ ಸರಿ ರೀ. ನನ್ನ ಕಾಲು ನನ್ನನ್ನು ಕೇಳದೆ ಒಳಗೆ ಹೋಗಿತ್ತು.

“ಅವ್ಳು ಶ್ರುತಿ ಬಿಟ್ಟಿಲ್ಲ! ಶ್ರುತಿನೇ ಅವ್ಳನ್ನ ಬಿಟ್ಟಿದ್ದು! ನಿಮ್ಮ ಪೆಟ್ಟಿಗೆ ಹಾಳಾಗಿದೆ!”

“ಯಾರ್ರೀ ಇವ್ರು?” ಎಂದರು ಪ್ರೊಫೆಸರು.

“ಸಂಸ್ಥೆ,” ಎಂದಳು ಹೇಮಾವತಿ ತಲೆ ತಗ್ಗಿಸಿ. “ಅಂದ್ರೆ, ನಮ್ಮನೆಯವ್ರು. ರೀ, ಸುಮ್ನೆ ಹೊರಗೆ ನಡೀರಿ.”

“ನಡೆಯಲ್ಲ. ಪೆಟ್ಟಿಗೆ ಹಚ್ಚಿ ನೋಡ್ಲಿ.”

ರವೀಂದ್ರ ಗುಂಡಿ ಒತ್ತಿದ. ಪೆಟ್ಟಿಗೆ ಗುಂಯ್ ಎಂದಿತು. ಪ್ರೊಫೆಸರು ಐದೂವರೆಯ ಮೆಟ್ಟಿಲು ಒತ್ತಿದರು. ಎರಡೂ ಒಂದಕ್ಕೊಂದು ಅಂಟಿಕೊಂಡ ಹಾಗೆ ಸರಿಯಾಗಿ ಕೂತವು. ಈ ಸಲ ಭುಜದ ಜೊತೆ ಶಬ್ದವೂ ಬಂತು, ನಗುವಿನದು.

“ಸರಿಯಾಗೇ ಇದೆಯಲ್ಲ ಸ್ವಾಮಿ?”

ನಾನು ಬಿಡಲಿಲ್ಲ. “ನಮ್ಮ ಮೋಟರೂ ಹಾಕಿದ ಕೂಡ್ಲೆ ಸರಿಯಾಗೇ ಇರ್ತದೆ ಸರ್. ಶೆಲ್ಲು ಸ್ವಲ್ಪ ಹೊತ್ತು ಮಲ್ಗಿ ಎದ್ದಿದೆ, ಅದ್ಕೆ ಹುಮ್ಮಸ್ಸು. ಲೋಡ್ ಬೀಳ್ಲಿ. ಹತ್ತು ನಿಮಿಷ ಓಡ್ಸಿ.”

“ಸರ್, ಸೆಕ್ಯೂರಿಟಿ ಕರೀಲಾ?” ಎಂದ ರವೀಂದ್ರ.

ವಂದನಾ ಮೇಡಂ ಗಡಿಯಾರ ನೋಡಿದರು. “ಊಟ ಬರೋಕೆ ಹೇಗೂ ಹತ್ತು ನಿಮಿಷ ಇದೆ ಸರ್. ಓಡ್ಲಿ ಬಿಡಿ.”

ಹೀಗೆ ವಿಶ್ವವಿದ್ಯಾಲಯದ ಇತಿಹಾಸದಲ್ಲೇ ಮೊದಲ ಬಾರಿಗೆ ಇಬ್ಬರು ವಿದ್ವಾಂಸರು, ಒಬ್ಬ ಗುಮಾಸ್ತ, ಒಬ್ಬ ಗಿರಣಿಯವ ಒಂದು ಡಬ್ಬಿಯ ಗುಂಯ್‌ಗುಡುವಿಕೆಯನ್ನು ಕಚೇರಿ ಕೇಳಿದ ಹಾಗೆ ಗಂಭೀರವಾಗಿ ಕೂತು ಕೇಳಿದೆವು. ಎರಡು ನಿಮಿಷ, ಏನೂ ಇಲ್ಲ. ನಾಲ್ಕು ನಿಮಿಷ, ಏನೂ ಇಲ್ಲ. ಹೇಮಾವತಿ ನನ್ನ ಕಡೆ ನೋಡಿದ ರೀತಿಗೆ ವಾಪಸು ಬಸ್ಸಿನಲ್ಲಿ ನನ್ನ ಗತಿ ಏನೆಂದು ತಿಳಿಯಿತು. ಆರನೇ ನಿಮಿಷಕ್ಕೆ ನನಗೆ ಕೇಳಿಸಿತು, ಪ್ರೊಫೆಸರಿಗೆ ಕೇಳಿಸಲಿಲ್ಲ. ಎಂಟಕ್ಕೆ ಅವರು ಕನ್ನಡಕ ತೆಗೆದರು. ಹತ್ತಕ್ಕೆ ಮತ್ತೆ ಐದೂವರೆಯ ಮೆಟ್ಟಿಲು ಒತ್ತಿದರು. ಪೆಟ್ಟಿಗೆಯೂ ಹಾರ್ಮೋನಿಯಮ್ಮೂ ಹೊಸದಾಗಿ ಪಾಲಾದ ಅಣ್ಣತಮ್ಮಂದಿರ ಹಾಗೆ ಕಿರುಚಾಡಿಕೊಂಡವು.

ಯಾರೂ ನಗಲಿಲ್ಲ. ನಾನು ನಗಬಹುದಿತ್ತು. ನನ್ನ ಜೀವನದಲ್ಲಿ ಅಂಥ ಅವಕಾಶ ಹೆಚ್ಚು ಬಂದಿಲ್ಲ.

“ಆ ಹಿಂದಿನ ಹುಡುಗಿ ಎರಡು ಸಲ ನಿಲ್ಲಿಸಿದಾಗ ಹೆದರಿಕೆಗೆ ಅಂದ್ಕೊಂಡ್ವಿ,” ಎಂದರು ವಂದನಾ ಮೇಡಂ.

ಪ್ರೊಫೆಸರು ಪೆಟ್ಟಿಗೆ ಆರಿಸಿ ನನ್ನ ಹೆಂಡತಿಯ ಕಡೆ ತಿರುಗಿದರು. ಈಗ ದನಿ ಬೇರೆಯಾಗಿತ್ತು. “ಕಾಲು ಗಂಟೆ, ಇಳೀತಿರೋ ಶ್ರುತಿ ಮೇಲೆ, ಒಂದು ಸ್ವರವೂ ಆಚೀಚೆ ಆಗದೆ ಹಾಡಿದೀರಿ. ನನ್ನ ಕೈಲಿ ಆಗಲ್ಲ. ಆ ವಿಷಯ ಬೇರೆ. ಆದ್ರೆ ಪೆಟ್ಟಿಗೆ ಇಳೀತಿದೆ ಅಂತ ನಿಮಗೆ ಗೊತ್ತಾಗ್ಲಿಲ್ವಾ?”

“ಗೊತ್ತಾಯ್ತು ಸರ್. ಎರಡನೇ ನಿಮಿಷಕ್ಕೇ.”

“ಮತ್ತೆ ಯಾಕೆ ನಿಲ್ಲಿಸ್ಲಿಲ್ಲ? ಸರಿ ಮಾಡಿ ಅಂತ ಯಾಕೆ ಕೇಳ್ಲಿಲ್ಲ?”

ಆ ಪ್ರಶ್ನೆಯನ್ನು ಅವಳಿಗೆ ಯಾರೂ ಹಿಂದೆ ಕೇಳಿರಲಿಲ್ಲ.

“ಕೇಳ್ಬೋದು ಅಂತ ಗೊತ್ತಿರ್ಲಿಲ್ಲ ಸರ್,” ಎಂದಳು. “ನಮ್ಮಲ್ಲಿ ಅದು ಹೇಗೆ ಬರ್ತದೋ ಹಾಗೆ ಹಾಡೋದು.”

ನಾನು ಗೋಡೆಯ ಮೇಲಿನ ವೇಳಾಪಟ್ಟಿ ಓದತೊಡಗಿದೆ. ಸೋಮವಾರ ಹತ್ತಕ್ಕೆ ಇತಿಹಾಸ, ಹನ್ನೊಂದಕ್ಕೆ ಅರ್ಥಶಾಸ್ತ್ರ. ಬಹಳ ಒಳ್ಳೆಯ ವೇಳಾಪಟ್ಟಿ. ಎರಡು ಸಲ ಓದಿದೆ.

“ನೋಡಿ ಅಮ್ಮ,” ಎಂದರು ಪ್ರೊಫೆಸರು, “ಪೆಟ್ಟಿಗೆದು ನಮ್ಮ ತಪ್ಪು. ಇನ್ನೊಂದು ಅವಕಾಶ ಕೊಡ್ತೀವಿ. ಆದ್ರೆ ನಾಳೆ ವೇದಿಕೆ ಮೇಲೆ ಮೃದಂಗದವನೋ ಪಿಟೀಲಿನವನೋ ಎಳೆದ ಕಡೆಗೆಲ್ಲ ಹೋಗೋರನ್ನ ಇಟ್ಕೊಂಡು ನಾನು ಪಾಠ ಮಾಡೋಕಾಗಲ್ಲ. ನಿಮಗೆ ಏನು ಬೇಕೋ ನೀವೇ ಕೇಳ್ಬೇಕು. ಈಗ ಹೇಳಿ, ಏನು ಬೇಕು?”

ಕೋಣೆಯಲ್ಲಿ ಎಲ್ಲರೂ ಅವಳನ್ನೇ ನೋಡಿದರು. ಅವಳು ರೂಢಿಯಂತೆ ನನ್ನ ಕಡೆ ನೋಡಿದಳು. ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ಮುಖ ತಿರುಗಿಸಿದಳು.

“ಪೆಟ್ಟಿಗೆಗೆ ಹೊಸ ಶೆಲ್ಲು ಬೇಕು.”

“ಇಂಡೆಂಟ್ ಹಾಕ್ಬೇಕು ಸರ್,” ಎಂದ ರವೀಂದ್ರ. “ಸ್ಟೋರ್ ಮೇಡಂ ಸೋಮವಾರ ಬರ್ತಾರೆ.”

ನಾಲ್ಕು ಶೆಲ್ಲಿಗೆ ಸೋಮವಾರದವರೆಗೆ ಕಾಯುವವರು ವಿಶ್ವವಿದ್ಯಾಲಯ ಕಟ್ಟಬಹುದು, ಗಿರಣಿ ನಡೆಸಲಾರರು. ಓಡಿದೆ. ಮೊದಲ ಅಂಗಡಿಯಲ್ಲಿ ಶೆಲ್ಲಿಲ್ಲ, ಎರಡನೆಯದರಲ್ಲಿ ಅಂಗಡಿಯವನಿಲ್ಲ, ಬಸ್‌ಸ್ಟ್ಯಾಂಡಿನ ಎದುರು ಟಾರ್ಚು ಮಾರುವವನ ಹತ್ತಿರ ಸಿಕ್ಕಿತು. ಏದುಸಿರು ಬಿಡುತ್ತ ಬಂದು ನಾನೇ ಪೆಟ್ಟಿಗೆ ಬಿಚ್ಚಿ ಹಾಕಿಕೊಟ್ಟೆ. ಒಂದು ಧನ್ಯವಾದ ಬರುತ್ತದೆ ಎಂದು ನಿಂತೆ.

“ಐದೂವರೆಗೆ ಇಟ್ಟು ಕೊಡಿ. ಮೊದಲಿಂದ ಹಾಡ್ತೀನಿ,” ಎಂದಳು ಅವಳು ಪರೀಕ್ಷಕರಿಗೆ. ಆಮೇಲೆ, “ಮತ್ತೆ, ನಮ್ಮನೆಯವ್ರನ್ನ ಹೊರಗೆ ಕಳ್ಸಿ. ಕಿಟಕಿನೂ ಹಾಕ್ಬಿಡಿ.”

ರವೀಂದ್ರ ಅವತ್ತಿಡೀ ಅಷ್ಟು ಖುಷಿಯಿಂದ ಬೇರೆ ಯಾವ ಕೆಲಸವನ್ನೂ ಮಾಡಿರಲಿಕ್ಕಿಲ್ಲ.

ಮುಚ್ಚಿದ ಕಿಟಕಿಯ ಹೊರಗೆ ಅರ್ಧ ಗಂಟೆ ನಿಂತೆ. ದನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ನಡುವೆ ಒಮ್ಮೆ ದನಿ ಪೂರ್ತಿ ನಿಂತಿತು. ಮೋಟರಿಗೆ ಏನಾಯಿತು ಎಂದು ಎದ್ದು ನೋಡುವ ರೂಢಿ, ನೋಡಲು ಇಲ್ಲಿ ಕಿಟಕಿಯಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ವಾಪಸು ಬರುವಾಗ ಹೊಸನಗರದ ಹೋಟೆಲಿನಲ್ಲಿ ಕಾಫಿಗೆ ಕೂತೆವು. ಅಲ್ಲಿಯವರೆಗೆ ತಡೆದುಕೊಂಡಿದ್ದೆ.

“ನಡುವೆ ಯಾಕೆ ನಿಲ್ಸಿದ್ದು? ಹೊಸ ಶೆಲ್ಲು, ನಾನೇ ಹಾಕಿದ್ದೆ.”

“ಪೆಟ್ಟಿಗೆ ಸರಿಯಾಗೇ ಇತ್ತು.”

“ಮತ್ತೆ?”

“ಅವ್ರಿಬ್ರೂ ಊಟದ ವಿಷಯ ಮಾತಾಡ್ತಿದ್ರು. ಮಾತು ನಿಲ್ಸಿ, ಹಾಡೋಕಾಗ್ತಿಲ್ಲ ಅಂದೆ.”

ಕಾಫಿ ನನ್ನ ಮೂಗಿಗೆ ಹತ್ತಿತು. “ಪ್ರೊಫೆಸರಿಗೆ? ಮಾತು ನಿಲ್ಸಿ ಅಂದ್ಯಾ? ನಿಂಗೇನು ತಲೆ ಕೆಟ್ಟಿದ್ಯಾ ಮಾರಾಯ್ತಿ?”

“ಏನು ಬೇಕೋ ಕೇಳಿ ಅಂದ್ರಲ್ಲ,” ಎಂದು ಲೋಟದ ತಳದ ಸಕ್ಕರೆ ಅಲ್ಲಾಡಿಸಿ ಕುಡಿದಳು. “ನಾನು ಅದೊಂದೇ ಕೇಳಿದ್ದು.”

ಹೋಯಿತು ಸೀಟು ಎಂದುಕೊಂಡೆ. ಇಪ್ಪತ್ತೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದವಳಿಗೆ ಬಾಯಿ ಬರಲು ಇದೇ ದಿನ ಬೇಕಿತ್ತೇ? ಸಾಗರ ಮುಟ್ಟುವವರೆಗೆ ನಾನು ಯಾರ ಹತ್ತಿರವೂ ಜಗಳ ಮಾಡಲಿಲ್ಲ. ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದಳು.

ಹದಿನೆಂಟು ದಿನಕ್ಕೆ ಪಟ್ಟಿ ಬಂತು. ಸಾಗರದಲ್ಲಿ ಓದುವ ಮಗ ಕುಮಾರ ಫೋನ್ ಮಾಡಿ ಓದಿ ಹೇಳಿದ. ಮೊದಲನೇ ಹೆಸರು ಮೇಧಾ. ಹನ್ನೊಂದನೇ ಹೆಸರು ಹೇಮಾವತಿ, ಆವರಣದಲ್ಲಿ ಶೇಷಪ್ಪ ಹಿಟ್ಟಿನ ಗಿರಣಿ, ಕಾರ್ಗಲ್. ಹುಲಿಗೆಮ್ಮ ಊರಿಡೀ ಹೇಳಿಕೊಂಡು ಬಂದಳು: ಶೇಷಪ್ಪನಿಗೆ ಎಂ.ಎ. ಸೀಟು ಸಿಕ್ಕಿದೆ.

ಮಾರನೇ ದಿನ ಹತ್ತು ಗಂಟೆಗೆ ಹುಲಿಗೆಮ್ಮನ ಅಕ್ಕಿ ಕಲ್ಲಿನಲ್ಲಿ ಅರ್ಧ ಇಳಿದಿತ್ತು. ಹೇಮಾವತಿ ಗಿರಣಿಗೆ ಬಂದಳು. ಕೈಯಲ್ಲಿ ಮೊಬೈಲು, ಅದರಲ್ಲೇ ತಂಬೂರಿ ನುಡಿಯುವ ಹಾಗೆ ಮಗ ಮಾಡಿಕೊಟ್ಟಿದ್ದನಂತೆ. ಹೊಸ ಶ್ರುತಿಪೆಟ್ಟಿಗೆಯ ನನ್ನ ಮಾತನ್ನು ಕೊನೆಗೂ ಯಾರೋ ಒಬ್ಬರು ಉಳಿಸಿದರು.

“ಮೋಟರ್ ನಿಲ್ಸಿ,” ಎಂದಳು.

“ಏನು?”

“ಹತ್ತರಿಂದ ಹನ್ನೊಂದು ನಾನು ಅಭ್ಯಾಸ ಮಾಡ್ತೀನಿ. ಮೋಟರ್ ಬೇಡ.”

“ಮನೇಲಿ ಮಾಡು.”

“ಮನೆಗೂ ಕೇಳ್ತದೆ ಇದರ ಸದ್ದು. ನಡುವೆ ಇರೋದು ಒಂದು ಗೋಡೆ.”

“ಹುಲಿಗೆಮ್ಮಕ್ಕನ ಅಕ್ಕಿ ಅರ್ಧ ಆಗಿದೆ!”

“ಹಾಗಾದ್ರೆ ಅರ್ಧಕ್ಕೇ ನಿಲ್ಸಿ.”

ನನಗೆ ಸಿಟ್ಟು ಬಂತು. ಬೈಯಲು ಬಾಯಿ ತೆರೆದೆ. ಎದುರಿಗೆ ತಗಡು ಗಡಗಡ ನಡುಗುತ್ತಿತ್ತು, ಅದರ ಮೇಲೆ ಆ ಕಾಗದವೂ ನಡುಗುತ್ತಿತ್ತು: ಅಭ್ಯರ್ಥಿಯ ಹೆಸರು. ನಾನು ಹೋಗಿ ಗುಂಡಿ ಒತ್ತಿದೆ. ಕಲ್ಲು ಎರಡು ಸುತ್ತು ಗೊಣಗಿ ನಿಂತಿತು.

ಅವಳು ಮನೆಗೆ ಹೋಗಿ ಕೂತು ಷಡ್ಜ ಹಿಡಿದಳು. ಗೋಡೆಯ ಈಚೆಗೆ ನಾನೂ ಹುಲಿಗೆಮ್ಮನೂ ಚೀಲದ ಮೇಲೆ ಕೂತೆವು. ಅವಳ ದನಿ ಅಷ್ಟು ದೊಡ್ಡದು ಎನ್ನುವುದು ನನಗೆ ಗೊತ್ತಿರಲಿಲ್ಲ. ಎದುರಿನ ಸೈಕಲ್ ಅಂಗಡಿಯವನೂ ಪಂಪು ಹೊಡೆಯುವುದನ್ನು ಬಿಟ್ಟು ಈ ಕಡೆ ನೋಡಿದ.

“ನನ್ನ ರೊಟ್ಟಿ ಕತೆ ಏನೋ?” ಎಂದಳು ಹುಲಿಗೆಮ್ಮ. “ಕಾಲೊನಿಯವ್ರು ಊಟಕ್ಕೆ ಕಾಯ್ತಾರೆ.”

“ಒಂದು ಗಂಟೆ ಕೂತ್ಕೋ.”

“ಹೋಗಿ ಹೇಳೋ, ಐದು ನಿಮಿಷದ ಅಕ್ಕಿ ಅಂತ.”

“ನೀನೇ ಹೇಳು. ಕೇಳ್ಬೋದಂತೆ ಈಗ.”

“ಗಂಡ ಆಗಿ ನಿಂಗೆ ಅಷ್ಟೂ…”

“ಮಾತು ನಿಲ್ಸೀ!” ಎಂದು ಗೋಡೆಯ ಆಚೆಯಿಂದ ಬಂತು.

ಹುಲಿಗೆಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು. “ಬರೀ ಸೀಟು ಸಿಕ್ಕಿದ್ದಕ್ಕೇ ಹೀಗೆ. ಪಾಸಾದ್ರೆ ನಮ್ಮ ಗತಿ ಏನೋ ಶೇಷಪ್ಪ?”

ನಾನು ಗಡಿಯಾರ ನೋಡಿದೆ. ಹತ್ತೂ ಹದಿನೈದು. ಉತ್ತರ ಹನ್ನೊಂದರ ಮೇಲೆ ಹೇಳುತ್ತೇನೆ ಎಂದು ಕೈಸನ್ನೆ ಮಾಡಿದೆ.